ವೈಟ್ನರ್ ಹಚ್ಚುತ್ತಿದ್ದ ಹುಡುಗ

ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಆಗುತ್ತಿಲ್ಲ ಎಂದು ನನ್ನ ಹತ್ತಿರ ಸಲಹೆಗೆ ಬಂದಿದ್ದ ಮಂಡ್ಯ ಕಡೆಯ ಹುಡುಗ, ಡಿಗ್ರಿ ಮೊದಲ ವರ್ಷ. ಜೊತೆಗೆ ಬಂದಿದ್ದ ತಾಯಿ, "ಓದದ್ರಲ್ಲಿ ಚೆನ್ನಾಗವ್ನೆ ಮೇಡಂ. ಬರೆಯಕ್ಕೆ ಕೂತ್ರೆ ಮಾತ್ರ ಬೆವತೋಯ್ತನೆ" ಎಂದರು.

ನೋಟ್‌ಬುಕ್ ತೆಗೆಸಿ ನೋಡಿದೆ. ಹೊಲಿಗೆಯ ಹತ್ತಿರ ಹರಿದ ಹಾಳೆಗಳ ಅಂಚು ಮಾತ್ರ ಉಳಿದಿತ್ತು. ಎಣಿಸಿದೆ, ಒಂಬತ್ತು. ಹತ್ತನೆಯದರಲ್ಲಿ ಒಂದೇ ಸಾಲು: 'ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸವು 1911ರಲ್ಲಿ...' ಅದರ ಮೇಲೂ ವೈಟ್ನರ್, ಒಣಗಿ ಬಿರುಕು ಬಿಟ್ಟಿತ್ತು. ಇದೇ ಅಣೆಕಟ್ಟೆ, ಅಂದರೆ ಕನ್ನಂಬಾಡಿ ಕಟ್ಟೆ ಬಗ್ಗೆ ನಾಲ್ಕು ಪುಟದ ಅಸೈನ್‌ಮೆಂಟ್. ಉಳಿದಿದ್ದು ಐದೇ ದಿನ.

ಸ್ವಲ್ಪ ಹೊತ್ತಾದ ಮೇಲೆ ಕಾರಣ ಹೊರಬಂತು. ಹೈಸ್ಕೂಲಿನಲ್ಲಿ 'ಹಾಲು' ಎಂದು ಬರೆಯುವ ಕಡೆ 'ಆಲು' ಎಂದು ಬರೆದಿದ್ದ. ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದ್ದರು. ನಮ್ಮ ಕಡೆ ಎಷ್ಟೋ ಜನ ಆಡುವುದೇ ಹಾಗೆ, ಅಲ್ವಾ? ಅವತ್ತಿನಿಂದ ಪ್ರತಿ ಪದಕ್ಕೂ ಹಕಾರ ಇದೆಯೋ ಇಲ್ಲವೋ ಅಂತ ನಿಂತು ನೋಡುತ್ತಾನೆ. ಯೋಚಿಸುವುದು, ಬರೆಯುವುದು, ತಿದ್ದುವುದು ಮೂರನ್ನೂ ಒಂದೇ ಸಾಲಿನಲ್ಲಿ ಮಾಡಹೊರಟರೆ ಯಾರಿಗೇ ಆದರೂ ಕೈ ಓಡುವುದಿಲ್ಲ.

ಪೆನ್ ಕೆಳಗಿಡಿಸಿ, ಅವನ ಫೋನಿನಲ್ಲೇ ರೆಕಾರ್ಡಿಂಗ್ ಹಾಕಿಸಿದೆ. "ನಿಮ್ಮ ಗದ್ದೆಗೆ ನಾಲೆ ನೀರು ಬರುತ್ತಾ?"

ಏಳು ನಿಮಿಷ ಅವನು ನಿಲ್ಲಿಸಲೇ ಇಲ್ಲ. ಅವರದು ಆ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಸರದಿ ಮೇಲೆ ಬಿಡುವ ಕಟ್ಟು ನೀರಿಗಾಗಿ ತಾತ ಟಾರ್ಚ್ ಹಿಡಿದು ರಾತ್ರಿಯೆಲ್ಲ ತೂಬಿನ ಹತ್ತಿರ ಕೂರುತ್ತಾರೆ. "ಕಟ್ಟೆ 124.80 ಅಡಿ ತುಂಬ್ದಾಗ ಪೇಪರ್‌ನಲ್ಲಿ ಬಾಗಿನದ ಫೋಟೋ ಬತ್ತದೆ ಮೇಡಂ. ನಮ್ ತೂಬ್ಗೆ ನೀರ್ ಬರಕ್ಕೆ ಇನ್ನೆಷ್ಟ್ ದಿನ ಆಯ್ತದೋ!"

"ಇದೇ ಕಣಪ್ಪ ನಿನ್ನ ಅಸೈನ್‌ಮೆಂಟು" ಅಂದೆ.

ಸಲಹೆ ಇಷ್ಟು. ಮೊದಲ ದಿನ ರೆಕಾರ್ಡಿಂಗ್ ಕೇಳಿ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬಿಡಿ ಪದಗಳನ್ನು ಸುಮ್ನೆ ಗೀಚು. ವಾಕ್ಯ ಬೇಡ. ಮರುದಿನ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಬರಿ. ವೈಟ್ನರ್ ಅಮ್ಮನ ಹತ್ತಿರ ಇರಲಿ. ಇಸವಿ ನೆನಪಾಗದಿದ್ದರೆ ಜಾಗ ಬಿಟ್ಟು ಮುಂದೆ ಹೋಗು. ಒಂದು ರಾತ್ರಿ ಕಳೆದ ಮೇಲೆ ತಾತನಿಗೆ ಜೋರಾಗಿ ಓದಿ ಹೇಳು. ಅವರು ಎಲ್ಲಿ "ಏನಂದೆ?" ಅಂತಾರೋ ಅಲ್ಲಿ ತಿದ್ದು. ಪ್ಯಾರಾ ಮೇಲೆ ಕೆಳಗೆ ಮಾಡು, ಜಾಸ್ತಿಯಾದದ್ದು ಹೊಡೆದುಹಾಕು. ಹಕಾರ ಹುಡುಕುವುದು ಎಲ್ಲಕ್ಕಿಂತ ಕೊನೆಗೆ, ಅದಕ್ಕೇ ಅಂತ ಬೇರೆ ಒಂದು ಓದು.

ಈ ಹಂತಗಳು ಮೆಟ್ಟಿಲಲ್ಲ ಅಂತಲೂ ಹೇಳಿದೆ. ಬರವಣಿಗೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬರೆಯಿರಿ ಎಂದು ಜನರನ್ನು ಕೂರಿಸಿ ಗಮನಿಸಿದ್ದರು. ಬರೆಯುವವರು ನಡುನಡುವೆ ಯೋಚನೆಗೆ ವಾಪಸ್ ಹೋಗುತ್ತಲೇ ಇರುತ್ತಾರೆ ಎಂದು 1981ರಲ್ಲಿ ಬರೆದರು.

"ಹಂಗಾದ್ರೆ ವೈಟ್ನರ್ ಯಾಕ್ ಬೇಡ ಮೇಡಂ?" ಎಂದ. ಒಳ್ಳೇ ಪ್ರಶ್ನೆ. ಯೋಚನೆಗೆ ಎಷ್ಟು ಸಲ ಬೇಕಾದರೂ ವಾಪಸ್ ಹೋಗು, ಕಾಗುಣಿತಕ್ಕೆ ಈಗಲೇ ಬೇಡ ಎಂದೆ.

ಎರಡನೇ ದಿನ ತಡೆಯಲಾರದೆ ಅಂಗಡಿಯಿಂದ ಹೊಸ ವೈಟ್ನರ್ ತಂದನಂತೆ. ಅಸೈನ್‌ಮೆಂಟ್ ಒಂದು ದಿನ ತಡವಾಯಿತು. ಮುಂದಿನ ಸಲ ಬಂದಾಗ ಕರಡು ತೋರಿಸಿದ. ಮೂರನೇ ಪುಟದಲ್ಲಿ 'ಒಳೆ' ಎಂದಿತ್ತು. ಮೇಲೆ ಪೆನ್ಸಿಲಿನಲ್ಲಿ ಚಿಕ್ಕದಾಗಿ ಒಂದು 'ಹೊ'.