ಬಾಯ್ಲರ್ ರೂಮಿಗೆ ಬೆಳದಿಂಗಳು ಬೀಳುವುದಿಲ್ಲ

ಮಂಡ್ಯದ ಕತೆಗಾರರಿಗೆ ನಮಸ್ಕಾರ.

1971ರ ಡಿಸೆಂಬರ್ 9ರ ರಾತ್ರಿ ದೀವ್ ಕಡಲಲ್ಲಿ ಮುಳುಗಿದ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿಯಲ್ಲಿ ಪ್ರಾಣಬಿಟ್ಟ ಪಾಂಡವಪುರದ ಕಡೆಯ ಹುಡುಗನ ಕತೆ ಕಳಿಸಿದ್ದೀರಿ. ಮೊದಲ ಮೂರು ಪುಟ ಚೆನ್ನಾಗಿವೆ. ಸಕ್ಕರೆ ಕಾರ್ಖಾನೆ ಮುಂದೆ ರಾತ್ರಿಯೆಲ್ಲ ಕಾಯುವ ಕಬ್ಬಿನ ಗಾಡಿಗಳು, ಗಾಡಿಯಡಿ ಗೋಣಿಚೀಲ ಹಾಸಿ ಮಲಗಿದ ಅಪ್ಪ, ಇವು ನೋಡಿದವರು ಬರೆದ ಸಾಲುಗಳು. ಹಡಗು ಹತ್ತಿದ ಮೇಲೆ ಮಾತ್ರ ನೀವು ನೋಡುವುದನ್ನೇ ಬಿಟ್ಟಿರಿ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಏಳನೇ ಪುಟದ ಈ ವಾಕ್ಯ ನೋಡಿ: ‘ಹುಣ್ಣಿಮೆಯ ಬೆಳದಿಂಗಳಲ್ಲಿ ಡೆಕ್ ಮೇಲೆ ನಿಂತು ಊರನ್ನು ನೆನೆಯುತ್ತಿದ್ದ ಅವನಿಗೆ, ಬೆಳ್ಳಿಗೆರೆಯಂತೆ ನುಗ್ಗಿಬರುವ ಟಾರ್ಪೆಡೊ ಕಂಡಿತು.’

ಹುಣ್ಣಿಮೆ ಡಿಸೆಂಬರ್ 2ಕ್ಕೇ ಕಳೆದಿತ್ತು. ಹಳೇ ಪಂಚಾಂಗ ಸಿಕ್ಕರೆ ತೆಗೆದು ನೋಡಿ, 9ರಂದು ಚಂದ್ರ ಏಳುವುದು ನಡುರಾತ್ರಿಯ ಸುಮಾರಿಗೆ. ಖುಕ್ರಿಗೆ ಏಟು ಬಿದ್ದದ್ದು ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ. ಕಗ್ಗತ್ತಲೆ. ಹೊಡೆದದ್ದು ನೀರೊಳಗಿದ್ದ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್. ಬ್ಯಾಟರಿಯಿಂದ ಓಡುವ ಟಾರ್ಪೆಡೊ ಹಿಂದೆ ಗುಳ್ಳೆಯ ಸಾಲನ್ನೂ ಬಿಡುವುದಿಲ್ಲ. ಬೆಳ್ಳಿಗೆರೆ ಎಲ್ಲಿಂದ ಬಂತು?

ಅದೂ ಹೋಗಲಿ. ಹುಡುಗ ಡೆಕ್ ಮೇಲೆ ಯಾಕಿದ್ದ? ಅವನು ಹಡಗು ಓಡಿಸುವ ಹಬೆ ಕಾಯಿಸುವ ಬಾಯ್ಲರ್ ರೂಮಿನವನು, ರಾತ್ರಿ ಎಂಟಕ್ಕೆ ಪಾಳಿ ಹಿಡಿದ ಅಂತ ನಾಲ್ಕನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಎಂಟಕ್ಕೆ ಇಳಿದವನು ಹನ್ನೆರಡರವರೆಗೆ ಮೇಲೆ ಬರುವ ಹಾಗಿಲ್ಲ. ಏಟು ಬಿದ್ದಾಗ ಅವನು ಕೆಳಗಿಳಿದು ಐವತ್ತು ನಿಮಿಷ. ಆ ಐವತ್ತು ನಿಮಿಷವೇ ನಿಮ್ಮ ಕತೆ, ಅದನ್ನೇ ಬರೆದಿಲ್ಲ.

ಬರೆದಿರುವ ಒಂದೇ ಸಾಲು, ‘ಉರಿಯುವ ಒಲೆಗೆ ಕಲ್ಲಿದ್ದಲು ಎಸೆಯುತ್ತಿದ್ದ.’ ರೀ, 1958ರಲ್ಲಿ ಸೇವೆಗೆ ಬಂದ ಫ್ರಿಗೇಟು ಅದು, ಉರಿಯುತ್ತಿದ್ದದ್ದು ಎಣ್ಣೆ. ಸ್ಟೋಕರ್, ಅಂದರೆ ಒಲೆಗೆ ಕಲ್ಲಿದ್ದಲು ತುಂಬುವವನು ಎಂಬ ಹೆಸರು ಹಳೇ ಕಾಲದ್ದು, ಕೆಲಸ ಬೇರೆ. ಅವನ ಕಣ್ಣು ಇರಬೇಕಾದದ್ದು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಮೇಲೆ. ನೀರು ಇಳಿದರೆ ಬಾಯ್ಲರಿನ ಟ್ಯೂಬುಗಳು ಕಾದು ಸೀಳುತ್ತವೆ. ಏರಿದರೆ ಹಬೆಯ ಜೊತೆ ನೀರೂ ಟರ್ಬೈನಿಗೆ ನುಗ್ಗಿ ಬ್ಲೇಡುಗಳು ಹಾಳು. ಎಣ್ಣೆಗೆ ಗಾಳಿ ಸಾಲದಿದ್ದರೆ ಚಿಮಣಿಯಲ್ಲಿ ಕಪ್ಪು ಹೊಗೆ, ಹೆಚ್ಚಾದರೆ ಬಿಳಿ ಹೊಗೆ. ಹಡಗಿನ ವೇಗ ಬದಲಾದಾಗಲೆಲ್ಲ ಎಣ್ಣೆ, ಗಾಳಿ, ನೀರು ಮೂರನ್ನೂ ಸರಿದೂಗಿಸಬೇಕು. ಕಾಲುವೆಯ ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಕಟ್ಟಿದ ಹುಡುಗನಿಗೆ ಈ ಕೆಲಸ ಹೇಗೆ ಕೈಹತ್ತಿತು ಅಂತ ಬರೆದಿದ್ದರೆ ನಿಮ್ಮ ಮೊದಲ ಮೂರು ಪುಟಕ್ಕೂ ಅರ್ಥ ಬರುತ್ತಿತ್ತು.

ನಾನು ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರೊಬ್ಬರು ಅಪಘಾತದ ಸುದ್ದಿ ತಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಆಗ ಅವನ ಕೈಲಿ ಏನಿತ್ತು?’ ಗೊತ್ತಿಲ್ಲ ಅಂದರೆ ಹಾಳೆ ವಾಪಸ್. ‘ದುರ್ದೈವಿ’, ‘ವಿಧಿಯಾಟ’ ಇಂಥವಕ್ಕೆ ಕೆಂಪು ಇಂಕಿನ ಗೀಟು. ಆಗ ಅವರ ಮೇಲೆ ಕೋಪ ಬರುತ್ತಿತ್ತು. ಈಗ ಅದೇ ಪ್ರಶ್ನೆ ನಿಮಗೆ ಕೇಳುತ್ತಿದ್ದೇನೆ.

ಇನ್ನು ಸಾಯುವ ಮುಂಚಿನ ಭಾಷಣ. ಜೋರಾಗಿ ಓದಿದರೆ ಒಂದೂವರೆ ನಿಮಿಷ ಹಿಡಿಯುತ್ತದೆ. ಖುಕ್ರಿ ಮುಳುಗಿದ್ದೇ ಕೆಲವೇ ನಿಮಿಷಗಳಲ್ಲಿ. ಸಿಡಿದ ಏಟಿಗೆ ದೀಪ ಹೋಗುತ್ತದೆ, ಹಡಗು ವಾಲುತ್ತದೆ, ನೆಟ್ಟಗಿದ್ದ ಕಬ್ಬಿಣದ ಏಣಿ ಓರೆಯಾಗುತ್ತದೆ, ಒಡೆದ ಪೈಪಿನ ಹಬೆ ಮುಟ್ಟಿದಲ್ಲಿ ಚರ್ಮ ಸುಲಿಯುತ್ತದೆ. ಭಾರತಾಂಬೆಗೆ ನಮಸ್ಕಾರ ಹೇಳಲು ಯಾರಿಗೆ ಬಿಡುವು? ಹಡಗಿನೊಂದಿಗೇ ಹೋದ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರಿಗೆ ಮಹಾವೀರ ಚಕ್ರ ಬಂತು, ಅವರ ಬಗ್ಗೆ ಬರೆಯುವವರು ಬಹಳ ಜನ. ಹುಡುಗನನ್ನೂ ಆ ಅಳತೆಗೆ ಹಿಗ್ಗಿಸಬೇಡಿ.

ಕೊನೆಯ ಪುಟ ಓದಿ ಹಾಳೆ ಮೇಜಿನ ಮೇಲೆ ಎಸೆದೆ. ‘ತ್ರಿವರ್ಣ ಹೊದ್ದ ಶವಪೆಟ್ಟಿಗೆ ಊರಬಾಗಿಲಿಗೆ ಬಂತು.’ ಆ ರಾತ್ರಿ 18 ಅಧಿಕಾರಿಗಳು, 176 ನಾವಿಕರು ಸತ್ತರು. ಕೆಳಗಿನ ಕೋಣೆಗಳಲ್ಲಿ ಸಿಕ್ಕಿಬಿದ್ದವರು ಹಡಗಿನ ಜೊತೆಗೇ ತಳ ಸೇರಿದರು. ಬಾಯ್ಲರ್ ರೂಮಿನ ಹುಡುಗನ ಹೆಣ ಊರಿಗೆ ಬರುವುದು ಹೇಗೆ? ಹೆಣ ಬಾರದ ಮನೆ ಎಂಥದ್ದು ಅಂತ ಯೋಚಿಸಿದ್ದೀರಾ? ಯಾವ ದಿನದಿಂದ ಸೂತಕ ಎಣಿಸಬೇಕು? ತಿಥಿ ಯಾವತ್ತು? ಪಶ್ಚಿಮವಾಹಿನಿಯಲ್ಲಿ ಬಿಡಲು ಬೂದಿಯೇ ಇಲ್ಲ. ಯಾರೋ ಈಜಿ ಬದುಕಿದ್ದಾರಂತೆ ಅನ್ನುವ ಮಾತು ಬೇರೆ. ಅದೂ ಸುಳ್ಳಲ್ಲ, 67 ಜನ ಬದುಕಿದ್ದರು. ಹಾಗಾಗಿ ಅಮ್ಮ ‘ನನ್ನ ಮಗನ ತಿಥಿ ನಾನು ಮಾಡಲ್ಲ’ ಅನ್ನಬಹುದು, ಅಪ್ಪ ಊರಿನವರ ಬಾಯಿಗೆ ಹೆದರಿ ಮಾಡೋಣ ಅನ್ನಬಹುದು. ಜಗಳ ಅಲ್ಲಿದೆ, ಪೆಟ್ಟಿಗೆಯಲ್ಲಿಲ್ಲ.

ಸಣ್ಣಪುಟ್ಟವು: ಅವನು 1969ರಲ್ಲಿ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ ಪಡೆದಿರಲಾರ, ಅದು ಶುರುವಾದದ್ದೇ 1980ರಲ್ಲಿ. ಎಂಜಿನ್ ಕೆಲಸ ಕಲಿಸುತ್ತಿದ್ದದ್ದು ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ. ಟೆಲಿಗ್ರಾಂ ವಿಳಾಸದಲ್ಲಿ ‘ಕರ್ನಾಟಕ’ ತೆಗೆದು ‘ಮೈಸೂರು ರಾಜ್ಯ’ ಮಾಡಿ, ಹೆಸರು ಬದಲಾದದ್ದು 1973ರಲ್ಲಿ.

ನಾಲ್ಕನೇ ಪುಟದಿಂದ ಹೊಸದಾಗಿ ಬರೆದು ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಆರು ಪುಟ ಇಟ್ಟಿರುತ್ತೇನೆ, ಏಳಾದರೂ ಪರವಾಗಿಲ್ಲ.

ಸಂಪಾದಕ, ಮೈಸೂರು