ಗಿಡದ ಟ್ಯಾಂಕಿನ ಬಸವನಹುಳುಗೆ ಮೈಲುತುತ್ತ ಹಾಕಬಹುದಾ?

ಚಿಕ್ಕಬಳ್ಳಾಪುರದಿಂದ ಕೇಳಿದವರಿಗೆ. ಎರಡಡಿ ಟ್ಯಾಂಕ್, ಬೋರ್‌ವೆಲ್ ನೀರು, ಗಪ್ಪಿ ಮೀನು, ಚೆರ್ರಿ ಶ್ರಿಂಪ್ ಅನ್ನೋ ಪುಟ್ಟ ಸಿಗಡಿ, ವ್ಯಾಲಿಸ್ನೇರಿಯಾ ಗಿಡ ಇದೆ, ಗಾಜಿನ ತುಂಬ ಹುಳು, ಗೊಬ್ಬರದಂಗಡಿಯಲ್ಲಿ ಒಂದು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಹಾಕಬೇಡಿ.

ಚಿಟಿಕೆ ಅಂದರೆ ಹತ್ತಿರಹತ್ತಿರ ಕಾಲು ಗ್ರಾಂ. ಅದರಲ್ಲಿ ನಾಲ್ಕನೇ ಒಂದು ಪಾಲು ತಾಮ್ರ. ನಿಮ್ಮ ಟ್ಯಾಂಕಲ್ಲಿ ನಿಲ್ಲೋದು 50 ಲೀಟರ್ ನೀರು, ಅಲ್ಲಿಗೆ ಲೀಟರಿಗೆ 1 ಮಿಲಿಗ್ರಾಂ ದಾಟಿತು. ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಶ್ರಿಂಪ್ ಮಗುಚಿಕೊಳ್ಳುತ್ತವೆ. ದ್ರಾಕ್ಷಿಗೆ ಸುಣ್ಣದ ಜೊತೆ ಬೋರ್ಡೋ ಅನ್ನೋ ರೋಗದ ಔಷಧಿ ಮಾಡಿ ಹೊಡೆಯೋ ಸಾಮಾನು ಅದು, ಮೀನಿನ ಮನೆಗಲ್ಲ. ಗಡಸು ನೀರಲ್ಲಿ ಒಂದಷ್ಟು ತಾಮ್ರ ಮರಳಿಗೆ ಇಳಿದು ಕೂತುಬಿಡುತ್ತೆ, ನೀರು ಬದಲಿಸಿದರೂ ಪೂರ್ತಿ ಹೋಗಲ್ಲ.

ಇನ್ನೊಂದು ಅಪಾಯ ಯಾರೂ ಹೇಳಲ್ಲ. ಮುನ್ನೂರು ಹುಳು ಒಂದೇ ರಾತ್ರಿ ಸತ್ತರೆ ಚಿಪ್ಪಿನೊಳಗೇ ಕೊಳೆತು ಅಮೋನಿಯಾ ಏರುತ್ತೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7ರಲ್ಲಿ ಅದರ ವಿಷದ ರೂಪ ನೂರಕ್ಕೆ ಒಂದೂ ಇರಲ್ಲ. 8 ಆದರೆ ಐದು ದಾಟುತ್ತೆ. ನಮ್ಮ ಕಡೆ ಬೋರ್ ನೀರು ಕ್ಷಾರದ ಕಡೆಗೇ ವಾಲಿರುತ್ತಲ್ಲ. ಹುಳು ಸತ್ತ ಮಾರನೇ ದಿನ ಗಪ್ಪಿ ಮೇಲೆ ಬಂದು ಬಾಯಿ ಬಿಡೋದು ಇದಕ್ಕೇ.

ಹುಳು ಹೆಚ್ಚಾಗಿದೆ ಅಂದರೆ ತಿಂಡಿ ಹೆಚ್ಚಾಗಿದೆ ಅಂತಲೇ ಅರ್ಥ. ದಿನಕ್ಕೆ ಒಂದೇ ಸಲ, ಒಂದು ನಿಮಿಷದಲ್ಲಿ ಖಾಲಿ ಆಗೋಷ್ಟು ಹಾಕಿ. ವಾರಕ್ಕೊಂದು ದಿನ ಉಪವಾಸ, ದೊಡ್ಡ ಗಪ್ಪಿಗೆ ಏನೂ ಆಗಲ್ಲ. ಹಳದಿಯಾದ ವ್ಯಾಲಿಸ್ನೇರಿಯಾ ಎಲೆ ಬುಡದಲ್ಲೇ ಕತ್ತರಿಸಿ ತೆಗೆಯಿರಿ. ವಾರಕ್ಕೆ 10–12 ಲೀಟರ್ ನೀರನ್ನ ಪೈಪಿನಿಂದ ತಳದ ಕಸ ಹೀರಿಕೊಂಡೇ ಹೊರಗೆ ಬಿಡಿ. ಪೈಪಿನ ತುದಿಗೆ ಸೊಳ್ಳೆಪರದೆ ಕಟ್ಟಿ, ಇಲ್ಲದಿದ್ದರೆ ಶ್ರಿಂಪ್ ಮರಿ ಬಕೆಟ್ಟಿಗೆ ಬೀಳುತ್ತೆ.

ಇದರ ಜೊತೆ ಹುಳು ಹಿಡಿಯೋಕೆ ಒಂದು ಬೋನು. ಬೆರಳು ದಪ್ಪ ಸೌತೆಕಾಯಿ ಬಿಲ್ಲೆ, ಕುದಿಯೋ ನೀರಲ್ಲಿ ಒಂದು ನಿಮಿಷ ಅದ್ದಿ, ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕೆ ಇಳಿಬಿಡಿ. ಲೈಟ್ ಆರಿಸಿದ ಮೇಲೆ ಇಡಬೇಕು, ಬೆಳಗ್ಗೆ ಲೈಟ್ ಹಾಕೋ ಮುಂಚೆಯೇ ತೆಗೀಬೇಕು. ಬಿಲ್ಲೆಯ ಅಡಿಭಾಗ ಹುಳುಗಳಿಂದ ಕಪ್ಪಗೆ ಮುಚ್ಚಿರುತ್ತೆ, ಮೆಲ್ಲಗೆ ಎತ್ತಿ, ಅಲ್ಲಾಡಿಸಿದರೆ ಅರ್ಧ ಉದುರಿಹೋಗುತ್ತೆ. ಎರಡು ದಿನಕ್ಕೊಮ್ಮೆ, ನಾಲ್ಕೈದು ವಾರ. ಮರೆತು ಒಂದು ದಿನ ಪೂರ್ತಿ ಬಿಟ್ಟರೆ ಅದೇ ಸೌತೆಕಾಯಿ ಕೊಳೆತು ಅವಕ್ಕೆ ಮೇವಾಗುತ್ತೆ.

ಯಾವ ಹುಳು ಅಂತಲೂ ನೋಡಿಕೊಳ್ಳಿ. ಚಪ್ಪಟೆ ಸುರುಳಿಯ ರ‍್ಯಾಮ್ಸ್‌ಹಾರ್ನ್, ಸಣ್ಣ ಮೊನಚು ತುದಿಯ ಬ್ಲ್ಯಾಡರ್, ಇವೆರಡೂ ಎಲೆಯಡಿ, ಗಾಜಿನ ಮೇಲೆ ಲೋಳೆಯಂಥ ಮೊಟ್ಟೆ ಅಂಟಿಸುತ್ತವೆ. ಗಾಜಿನದನ್ನ ಹಳೇ ಎಟಿಎಂ ಕಾರ್ಡಲ್ಲಿ ಕೆರೆದು ತೆಗೆಯಿರಿ. ಉದ್ದ ಶಂಖದ ಹಾಗಿರೋ ಟ್ರಂಪೆಟ್ ಮೊಟ್ಟೆ ಇಡಲ್ಲ, ಮರಿಯನ್ನೇ ಹಾಕುತ್ತೆ, ಗಂಡೇ ಬೇಕಿಲ್ಲ. ಹಗಲು ಮರಳೊಳಗಿರುತ್ತೆ. ಅದನ್ನ ಬುಡಸಮೇತ ಕಿತ್ತೊಗೀತೀನಿ ಅನ್ನೋದು ಹುಚ್ಚು, ಎಣಿಕೆ ಇಳಿಸಿದರೆ ಸಾಕು. ಮರಳನ್ನ ಕೆದಕಿಕೊಡುತ್ತೆ, ಅದೂ ಉಪಕಾರವೇ.

ಬೇರೆ ಹುಳು ತಿನ್ನೋ ಅಸಾಸಿನ್ ಸ್ನೇಲ್ ಮೂರ‍್ನಾಲ್ಕು ಬಿಡಬಹುದು, ದೊಡ್ಡ ಶ್ರಿಂಪ್ ತಂಟೆಗೆ ಸಾಮಾನ್ಯವಾಗಿ ಹೋಗಲ್ಲ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಹುಳು ತಿನ್ನೋ ಮೀನು ಪೀ ಪಫರ್ ಬೇಡ, ಗಪ್ಪಿ ಬಾಲ ಕಚ್ಚಿ ಹಾಕುತ್ತೆ. ಲೋಚ್ ಮೀನೂ ಹುಳು ತಿನ್ನುತ್ತೆ, ಆದರೆ ಎರಡಡಿ ಟ್ಯಾಂಕಿಗೆ ದೊಡ್ಡದಾಗುತ್ತೆ.

ಹೊಸ ಗಿಡ ತಂದಾಗ ಲೀಟರಿಗೆ ಒಂದು ಟೀ ಚಮಚ ಪಟಿಕದ ಪುಡಿ ಕರಗಿಸಿ 2–3 ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಹುಳು ಸಾಯುತ್ತೆ, ಮೊಟ್ಟೆ ಉಳಿಯಬಹುದು. ಅದಕ್ಕೇ ಆಮೇಲೆ ಮೂರು ವಾರ ಬೇರೆ ಬಕೆಟ್ಟಲ್ಲಿ ಬಿಸಿಲು ಬೀಳೋ ಕಿಟಕಿ ಹತ್ತಿರ ಇಟ್ಟು, ಮರಿ ಕಂಡರೆ ಹೆಕ್ಕಿ.

ಹಿಡಿದ ಹುಳುಗಳನ್ನ ಕಂದವಾರ ಕೆರೆಗೋ ಚರಂಡಿಗೋ ಸುರಿಯಬೇಡಿ. ಬಿಸಿನೀರು ಹುಯ್ದು ಗುಲಾಬಿ ಕುಂಡದಲ್ಲಿ ಹೂತುಬಿಡಿ. ಟ್ರಂಪೆಟ್ ಹಗಲಲ್ಲೇ ಸಾಲಾಗಿ ಗಾಜು ಹತ್ತಿ ನಿಂತಿದ್ದರೆ ಹಿಡಿಯೋಕೆ ಹೋಗೋ ಮುಂಚೆ ಏರ್ ಪಂಪ್ ಓಡ್ತಿದೆಯಾ ನೋಡಿ, ಕರೆಂಟ್ ಹೋಗಿ ಬಂದ ಮೇಲೆ ಸ್ವಿಚ್ ಹಾಕೋದು ಮರೆತಿರಬಹುದು. ಅವು ಕಿವಿರಲ್ಲಿ ಉಸಿರಾಡೋ ಹುಳು, ಆಮ್ಲಜನಕ ಇಳಿದರೆ ಮೊದಲು ಮೇಲೆ ಬರೋದು ಅವೇ.