‘ಖುಲಾಸೆ’ ಎಲ್ಲಿಂದ ಬಂತು?

ಮಾನ್ಯ ಓದುಗರೇ,

‘ಖುಲಾಸೆ’ ಹಿಂದಿಯ ‘ಖುಲ್‌ನಾ’ದಿಂದ, ಅಂದರೆ ತೆರೆದುಕೊಳ್ಳುವುದು ಅನ್ನುವ ಮಾತಿನಿಂದ ಬಂತೇ ಎಂದು ಕೇಳಿದ್ದೀರಿ. ಕೋರ್ಟು ಖುಲಾಸೆ ಮಾಡಿದ ಮೇಲೂ ಜನ ‘ಸಾಕ್ಷಿ ಸಿಗಲಿಲ್ಲ ಅಷ್ಟೇ’ ಎನ್ನುತ್ತಾರಲ್ಲ, ಅದು ಸರಿಯೇ ಎಂದೂ ಬರೆದಿದ್ದೀರಿ.

ಜೈಲಿನ ಬಾಗಿಲು ತೆರೆಯುವುದು ನೆನಪಾಗಿ ‘ಖುಲ್‌ನಾ’ ನಂಟು ನಿಜ ಅನ್ನಿಸುತ್ತದೆ. ಆದರೆ ಅಲ್ಲ. ಮೂಲ ಅರಬ್ಬಿಯ ‘ಖುಲಾಸಾ’. ಬೇಡದ್ದನ್ನೆಲ್ಲ ತೆಗೆದ ಮೇಲೆ ಉಳಿಯುವ ಸಾರ ಎಂದು ಅರ್ಥ. ಶುದ್ಧ ಎನ್ನುವ ‘ಖಾಲಿಸ್’, ಸಿಖ್ಖರ ‘ಖಾಲ್ಸಾ’, ನಾವು ‘ದುಡ್ಡೆಲ್ಲ ಖಲಾಸ್’ ಅನ್ನುವಾಗಿನ ‘ಖಲಾಸ್’, ಎಲ್ಲ ಇದೇ ಬೇರಿನವು. (‘ಖಾಲಿ’ಯೂ ಅರಬ್ಬಿಯೇ, ಆದರೆ ಅದರ ಬೇರು ಬೇರೆ.) ಈ ಬೇರಿನಲ್ಲಿ ಶುದ್ಧವಾಗುವುದು, ಪಾರಾಗುವುದು ಎರಡೂ ಇವೆ. ವಕೀಲ, ಅರ್ಜಿ, ಕೈದಿ, ಜಾಮೀನುಗಳ ಹಾಗೆ ಇದೂ ಪಾರಸಿ ಆಡಳಿತದ ದಾರಿ ಹಿಡಿದು ನಮ್ಮಲ್ಲಿಗೆ ಬಂತು. ಮರಾಠಿಯಲ್ಲಿ ‘ಖುಲಾಸಾ’ ಎಂದರೆ ಸ್ಪಷ್ಟನೆ. ಹಿಂದಿಯಲ್ಲಿ ಸಾರಾಂಶ, ಈಗೀಗ ಗುಟ್ಟು ಬಯಲು ಮಾಡುವುದು. ಹಾಗಾಗಿ ಹಿಂದಿ ಸುದ್ದಿಯ ‘ಖುಲಾಸಾ’ವನ್ನು ಕನ್ನಡದಲ್ಲಿ ‘ಖುಲಾಸೆ’ ಮಾಡಿದರೆ ಸಿಕ್ಕಿಬಿದ್ದವನೇ ಬಿಡುಗಡೆಯಾಗಿಬಿಡುತ್ತಾನೆ!

ನಮ್ಮಲ್ಲಿ ಖುಲಾಸೆ ಎಂದರೆ ವಿಚಾರಣೆ ಮುಗಿದು, ಆರೋಪ ಸಾಬೀತಾಗಿಲ್ಲ ಎಂದು ಕೋರ್ಟು ತೀರ್ಪು ಕೊಡುವುದು. ಜಾಮೀನು ಸಿಕ್ಕರೆ ಖುಲಾಸೆ ಅಲ್ಲ, ಕೇಸು ಹಾಗೇ ಇರುತ್ತದೆ. ಕೇಸು ಮುಂದುವರಿಸಲು ಆಧಾರವಿಲ್ಲ ಎಂದು ಪೊಲೀಸರು ಬಿ ರಿಪೋರ್ಟ್ ಹಾಕಿದರೂ ಅಲ್ಲ, ಅಲ್ಲಿ ವಿಚಾರಣೆಯೇ ನಡೆದಿರುವುದಿಲ್ಲ.

ಈಗ ನನ್ನನ್ನು ಹೆಚ್ಚು ಕಾಡಿದ ನಿಮ್ಮ ಎರಡನೇ ಪ್ರಶ್ನೆ. ಸಾಕ್ಷ್ಯ ಸಾಲದೆ ಸಂಶಯದ ಲಾಭ ಸಿಕ್ಕಿ ಬಿಡುಗಡೆಯಾದವರು, ತಪ್ಪೇ ಮಾಡಿಲ್ಲವೆಂದು ‘ಗೌರವಯುತ’ವಾಗಿ ಖುಲಾಸೆಯಾದವರು ಎಂದು ಜನ ಎರಡು ಸಾಲು ಮಾಡುತ್ತಾರೆ. ‘ಗೌರವಯುತ ಖುಲಾಸೆ’ ಎಂಬ ಮಾತು ಆಗಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇಲ್ಲವೇ ಇಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಒಬ್ಬ ಪೊಲೀಸ್ ನೌಕರನ ಪ್ರಕರಣದಲ್ಲಿ ಹೇಳಿತು. ಸರ್ಕಾರಿ ನೌಕರಿ, ಇಲಾಖಾ ವಿಚಾರಣೆಯ ವಿಷಯ ಬಂದಾಗ ಕೋರ್ಟುಗಳು ಈ ವ್ಯತ್ಯಾಸ ನೋಡುತ್ತವೆ, ನಿಜ. ಆದರೆ ಶಿಕ್ಷೆಯ ಮಟ್ಟಿಗೆ ಖುಲಾಸೆಯಲ್ಲಿ ಅರ್ಧ, ಮುಕ್ಕಾಲು ಅಂತ ಇಲ್ಲ. ಸಾಬೀತಾಗುವವರೆಗೆ ಆರೋಪಿ ನಿರಪರಾಧಿ, ಅಲ್ವಾ? ಸಾಬೀತೇ ಆಗದ ಮೇಲೆ ಅವರು ಮೊದಲಿದ್ದ ಜಾಗದಲ್ಲೇ ಇದ್ದಾರೆ. ಸರ್ಕಾರ ಮೇಲ್ಮನವಿ ಹಾಕಬಹುದು. ಮೇಲಿನ ಕೋರ್ಟು ತೀರ್ಪು ಬದಲಿಸುವ ತನಕ ಅವರನ್ನು ಅಪರಾಧಿ ಅನ್ನುವ ಹಕ್ಕು ಊರಿಗೂ ಇಲ್ಲ, ಪತ್ರಿಕೆಗೂ ಇಲ್ಲ.

– ಸಂಪಾದಕ